ಹೆಸರಿಲ್ಲದ ಪಟಗಳು

ಈಚಿನ ಕೆಲವು ವರುಷಗಳಿಂದ ನಮ್ಮ ಸೀಮೆಯಲ್ಲಿ ಒಂದು ಹೊಸ ಅಭಿರುಚಿಯು ಬೆಳೆಯುತ್ತಿರುವುದು. ಊರ ಉತ್ಸವದ ಸ್ಮರಣಸಂಚಿಕೆಯಾಗಲಿ, ಗೋಡೆಗೆ ತೂಗುಹಾಕುವ ಕ್ಯಾಲೆಂಡರಾಗಲಿ, ಕೈಯ ದೂರವಾಣಿಯಲ್ಲಿ ಒಬ್ಬರಿಂದೊಬ್ಬರಿಗೆ ಹರಿದಾಡುವ ಸಂದೇಶವಾಗಲಿ, ಎಲ್ಲದರಲ್ಲಿಯೂ ಹಳೆಯ ಕಾಲದ ಒಂದು ಛಾಯಾಚಿತ್ರವು ಕಾಣಿಸಿಕೊಳ್ಳುವುದು. ಒಂದು ಎತ್ತಿನ ಗಾಡಿ, ನೀರು ಸೇದುವ ಇಬ್ಬರು ಹೆಂಗಸರು, ಮರದ ಬುಡದಲ್ಲಿ ಕುಳಿತ ಮುದುಕ, ಹಿಂದೆ ಒಂದು ಗುಡ್ಡ. ಕೆಳಗೆ ‘ನಮ್ಮ ಹಿಂದಿನ ಹಳ್ಳಿಯ ಬಾಳು’ ಎಂಬ ಒಂದು ಸಾಲು. ಯಾವ ಹಳ್ಳಿ? ಬರೆದಿಲ್ಲ. ಯಾವ ವರುಷ? ಬರೆದಿಲ್ಲ. ಆ ಮುದುಕನು ಯಾರ ಮನೆಯವನು, ಆ ಹೆಂಗಸರು ಯಾವ ಬಾವಿಗೆ ಬಂದವರು, ಚಿತ್ರವನ್ನು ತೆಗೆದವರು ಯಾರು? ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ನೋಡಿದವರು ‘ಎಂತಹ ಕಾಲ!’ ಎಂದು ನಿಟ್ಟುಸಿರು ಬಿಟ್ಟು ಮುಂದಿನ ಪುಟವನ್ನು ತಿರುವುವರು.

ಈ ಅಭ್ಯಾಸವನ್ನು ಖಂಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಹೆಸರೂ ಊರೂ ವರುಷವೂ ಇಲ್ಲದ ಪಟವು ಚರಿತ್ರೆಯಲ್ಲ. ಅದು ನಮ್ಮ ಹಂಬಲವನ್ನೇ ನಮಗೆ ಮರಳಿ ತೋರಿಸುವ ಕನ್ನಡಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳ ಹಿಂದಿನ ಬಾಳು ನಿಜವಾಗಿ ಯಾವ ಪಟಗಳಲ್ಲಿ ಉಳಿದಿರುವುದೋ ಆ ಪಟಗಳು ದಿನದಿನಕ್ಕೂ ಗೆದ್ದಲಿಗೂ ಕಸದ ಗುಂಡಿಗೂ ಸಲ್ಲುತ್ತಿರುವಾಗ, ನಾವು ಎಲ್ಲಿಯದೋ ಒಂದು ಗಾಡಿಯ ಚಿತ್ರವನ್ನು ಅಚ್ಚುಹಾಕಿ ಪೂರ್ವಜರ ಋಣವನ್ನು ತೀರಿಸಿದೆವೆಂದುಕೊಳ್ಳುವುದು ಶೋಚನೀಯವಾದುದು. ಇಷ್ಟು ಕಠಿಣವಾಗಿ ಏಕೆ ಹೇಳಬೇಕಾಯಿತೆಂಬುದನ್ನು ಕ್ರಮವಾಗಿ ನಿವೇದಿಸುವೆನು.

ಮೊದಲು, ಛಾಯಾಚಿತ್ರವು ನಮ್ಮ ನಾಡಿಗೆ ಬಂದ ಬಗೆಯನ್ನು ನೋಡೋಣ. ಈ ವಿದ್ಯೆಯು ಯೂರೋಪಿನಲ್ಲಿ ಲೋಕಪ್ರಕಟವಾದುದು 1839ರಲ್ಲಿ. ಹದಿನೈದು ವರುಷಗಳೊಳಗಾಗಿಯೇ ಅದು ಮೈಸೂರು ದೇಶವನ್ನು ಹೊಕ್ಕಿತು. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು ಬೇಲೂರು ಹಳೇಬೀಡುಗಳ ಗುಡಿಗಳ ಚಿತ್ರಗಳನ್ನು ತೆಗೆದನು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು 1856ರ ಸುಮಾರಿಗೆ ಹಂಪೆಯ ಹಾಳುಗಳನ್ನು ದೊಡ್ಡ ದೊಡ್ಡ ಕಾಗದದ ನೆಗೆಟಿವುಗಳಲ್ಲಿ ಹಿಡಿದನು. ಮುಂಬಯಿ ಸರಕಾರವು 1855ರಲ್ಲಿ ಕರ್ನಲ್ ಬಿಗ್ಸ್ ಎಂಬವನನ್ನು ಈ ಕೆಲಸಕ್ಕೆಂದೇ ನೇಮಿಸಿತು. ಆತನ ತರುವಾಯ ಡಾಕ್ಟರ್ ಪಿಗೂ ಎಂಬ ವೈದ್ಯನು ಅದನ್ನು ಮುಂದುವರಿಸಿದನು. ಇವರಿಬ್ಬರೂ ಡಾಕ್ಟರ್ ನೀಲ್ ಎಂಬ ಮತ್ತೊಬ್ಬನೂ ತೆಗೆದ ಚಿತ್ರಗಳು ಮೆಡೋಸ್ ಟೇಲರನ ಚಾರಿತ್ರಿಕ ಲೇಖನದೊಡನೆಯೂ ಫರ್ಗುಸನ್ನನ ಶಿಲ್ಪವಿವರಣೆಯೊಡನೆಯೂ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಹೊರಬಂದುವು. ಧಾರವಾಡ ಮತ್ತು ಮೈಸೂರು ಸೀಮೆಗಳ ಶಿಲ್ಪವೇ ಆ ಗ್ರಂಥದ ವಿಷಯ. ಪಿಗೂವು ಹರಿಹರೇಶ್ವರನ ಗುಡಿಯನ್ನೂ ಚಿತ್ರಿಸಿದನು. ಹರಿಹರದಿಂದ ಹೊಳೆಯ ದಂಡೆಯನ್ನೇ ಹಿಡಿದು ಮೇಲಕ್ಕೆ ಬಂದರೆ ಹೊನ್ನಾಳಿ. ಆದರೆ ಹೊನ್ನಾಳಿಯು ಆ ಗ್ರಂಥಕ್ಕೆ ಬೇಕಾಗಲಿಲ್ಲ.

1865ರಲ್ಲಿ ಮದರಾಸು ಸೈನ್ಯದ 22ನೆಯ ದಳದ ಮೇಜರ್ ಡಿಕ್ಸನ್ ಎಂಬವನು ಮೈಸೂರು ಸರಕಾರಕ್ಕಾಗಿ ಸುಮಾರು 150 ಶಿಲಾಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಚಿತ್ರದುರ್ಗ, ದಾವಣಗೆರೆ, ಹರಿಹರ, ಬಳ್ಳಿಗಾವೆಗಳ ಶಾಸನಗಳು ಅವುಗಳಲ್ಲಿ ಸೇರಿರುವುವು. ಲೂಯಿ ರೈಸ್ ಮಹಾಶಯರು 1879ರಲ್ಲಿ ಪ್ರಕಟಿಸಿದ ಮೈಸೂರು ಶಾಸನಗಳ ಇಂಗ್ಲಿಷ್ ಅನುವಾದಕ್ಕೆ ಈ ಚಿತ್ರಗಳೇ ಮುಖ್ಯ ಆಧಾರ. ಈಗ ಓದುಗರು ಭೂಪಟವನ್ನು ಬಿಚ್ಚಿ ನೋಡಬೇಕು. ಪೂರ್ವಕ್ಕೆ ಚಿತ್ರದುರ್ಗ, ಉತ್ತರಕ್ಕೆ ಹರಿಹರ, ಪಶ್ಚಿಮಕ್ಕೆ ಬಳ್ಳಿಗಾವೆ. ಈ ಮೂರರ ನಡುವೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು. ಜಗಳೂರು ಚಿತ್ರದುರ್ಗಕ್ಕೂ ಹಂಪೆಗೂ ನಡುವಿನದು. ಕ್ಯಾಮೆರವು ನಮ್ಮ ನೆಲಕ್ಕೆ ಪ್ರದಕ್ಷಿಣೆ ಬಂದಂತಾಯಿತು. ಒಳಗಿನ ಬಾಳಿಗೆ ಅದರ ದೃಷ್ಟಿ ತಾಗಲಿಲ್ಲ.

ಹೀಗಾದುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಕಳುಹಿಸಿದವರ ಉದ್ದೇಶ. ಸರಕಾರಕ್ಕೆ ಬೇಕಾದುದು ಕಲ್ಲು: ಗುಡಿಯ ಕಲ್ಲು, ಶಾಸನದ ಕಲ್ಲು, ಕೋಟೆಯ ಕಲ್ಲು. ಹೆಸರಾಂತ ಶಿಲ್ಪವಿಲ್ಲದ ಊರಿಗೆ ಡೇರೆಯನ್ನು ಹೊತ್ತು ಹೋಗುವ ಅಗತ್ಯ ಯಾರಿಗಿದ್ದಿತು? ಎರಡನೆಯದು ಆ ವಿದ್ಯೆಯ ಅಂದಿನ ಸ್ಥಿತಿ. ಕಾಗದದ ನೆಗೆಟಿವಿಗೆ ಒಂದು ಚಿತ್ರ ಮೂಡಬೇಕಾದರೆ ನಿಮಿಷಗಳೇ ಹಿಡಿಯುತ್ತಿದ್ದುವು. 1851ರಲ್ಲಿ ಕಂಡುಹಿಡಿದ ಗಾಜಿನ ಫಲಕದ ವಿಧಾನದಲ್ಲಿ ಅದು ಕೆಲವು ಸೆಕೆಂಡುಗಳಿಗೆ ಇಳಿಯಿತು. ಆದರೆ ಗಾಜಿಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹೊಯ್ದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರವನ್ನು ತೆಗೆದು, ಒಡನೆಯೇ ಕತ್ತಲೆಯ ಡೇರೆಯೊಳಗೆ ತೊಳೆದು ಮುಗಿಸಬೇಕಾಗಿದ್ದಿತು. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಒಣಗುವುದಕ್ಕೆ ಎಷ್ಟು ಹೊತ್ತು! ಗಾಜಿನ ಪೆಟ್ಟಿಗೆಗಳು, ಔಷಧದ ಸೀಸೆಗಳು, ತಿಳಿನೀರು, ಡೇರೆ, ಇಷ್ಟನ್ನೂ ಗಾಡಿಗಳ ಮೇಲೆಯೂ ಕೂಲಿಗಳ ತಲೆಯ ಮೇಲೆಯೂ ಹೊರಿಸಿಕೊಂಡು ಹೋಗಬೇಕು. ಅಷ್ಟು ಶ್ರಮಪಟ್ಟು ಸಿದ್ಧಪಡಿಸಿದ ಫಲಕದ ಮುಂದೆ ಉಳುವ ಎತ್ತು ನಿಲ್ಲುವುದಿಲ್ಲ, ತೂರುವ ಮೊರ ನಿಲ್ಲುವುದಿಲ್ಲ, ಅಳುವ ಕೂಸು ನಿಲ್ಲುವುದಿಲ್ಲ. ಅಲುಗಾಡಿದುದೆಲ್ಲವೂ ಹೊಗೆಯಂತೆ ಮಸುಕಾಗುವುದು, ಇಲ್ಲವೆ ಪೂರ್ತಿಯಾಗಿ ಮಾಯವಾಗುವುದು. ಕಲ್ಲೊಂದೇ ನಿಂತಲ್ಲಿ ನಿಲ್ಲುವುದು. ಆದುದರಿಂದ ಅಂದಿನ ಚಿತ್ರಗಳಲ್ಲಿ ಬೀದಿಗಳು ಬರಿದಾಗಿರುವುವು. ಆ ಬರಿದನ್ನು ನೋಡಿ ‘ಹಿಂದೆ ನಮ್ಮ ಊರುಗಳು ಎಷ್ಟು ಪ್ರಶಾಂತವಾಗಿದ್ದುವು’ ಎಂದು ಬರೆಯುವವರಿದ್ದಾರೆ! ಊರು ಪ್ರಶಾಂತವಾಗಿರಲಿಲ್ಲ. ಅಲ್ಲಿ ಜನರು ದುಡಿಯುತ್ತಿದ್ದರು. ದುಡಿಯುತ್ತಿದ್ದುದರಿಂದಲೇ ಚಿತ್ರದಲ್ಲಿ ಮೂಡಲಿಲ್ಲ.

ಮನುಷ್ಯನು ಮೂಡಿದ ಕಡೆಯಲ್ಲಿಯಾದರೂ ಆತನ ಪಾಡೇನು? ಗುಡಿಯ ಬಾಗಿಲ ಪಕ್ಕದಲ್ಲಿ, ಕಂಬದ ಬುಡದಲ್ಲಿ ಒಬ್ಬಾತನನ್ನು ಅಲುಗದಂತೆ ನಿಲ್ಲಿಸುವುದು ಅಂದಿನ ಚಿತ್ರಕಾರರ ರೂಢಿಯಾಗಿದ್ದಿತು. ಕಂಬವು ಎಷ್ಟು ಎತ್ತರವೆಂಬುದು ನೋಡುವವರಿಗೆ ತಿಳಿಯಲೆಂಬುದೇ ಇದರ ಮುಖ್ಯ ಉದ್ದೇಶ. ಎಂದರೆ, ಆತನು ಅಳತೆಯ ಕೋಲು. ಕಂಬದ ಹೆಸರು ಗ್ರಂಥದಲ್ಲಿರುವುದು, ಕಟ್ಟಿಸಿದ ಅರಸನ ಹೆಸರಿರುವುದು, ಚಿತ್ರ ತೆಗೆದ ದೊರೆಯ ಹೆಸರಿರುವುದು. ಕೋಲಿನ ಹೆಸರನ್ನು ಯಾರು ಬರೆದಾರು?

ತರುವಾಯ ಬಂದವರು ಮನುಷ್ಯನನ್ನೇ ಚಿತ್ರಿಸಹೊರಟರು. ಅದು ಮತ್ತಷ್ಟು ಕಷ್ಟಕ್ಕೆ ಬಂದಿತು. 1868ರಿಂದ 1875ರವರೆಗೆ ಲಂಡನ್ನಿನಲ್ಲಿ 8 ಸಂಪುಟಗಳಾಗಿ ಹೊರಬಂದ ಭಾರತದ ಜನರ ಚಿತ್ರಸಂಗ್ರಹದಲ್ಲಿ 468 ಪಟಗಳಿರುವುವು. 1909ರಲ್ಲಿ ಎಡ್ಗರ್ ಥರ್ಸ್ಟನ್ನನು ದಕ್ಷಿಣ ದೇಶದ ಜಾತಿಗಳ ವಿಷಯವಾಗಿ 7 ಸಂಪುಟಗಳನ್ನು ಹೊರತಂದನು. ನಮ್ಮ ಮೈಸೂರಿನಲ್ಲಿಯೇ ಎಚ್. ವಿ. ನಂಜುಂಡಯ್ಯನವರೂ ಅನಂತಕೃಷ್ಣ ಅಯ್ಯರವರೂ ರಚಿಸಿದ ಜಾತಿವಿವರಣೆಯ 4 ಸಂಪುಟಗಳು 1928ರಿಂದ 1935ರವರೆಗೆ ಅಚ್ಚಾದುವು. ಇವುಗಳ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಬೇರೆಲ್ಲಿಯೂ ದೊರೆಯದ ಆಚಾರವ್ಯವಹಾರಗಳ ವಿವರಗಳು ಅಲ್ಲಿರುವುವು. ಆದರೆ ಇಂತಹ ಗ್ರಂಥಗಳಲ್ಲಿ ಪಟದ ಕೆಳಗೆ ಸಾಮಾನ್ಯವಾಗಿ ಕಾಣುವುದು ಜಾತಿಯ ಹೆಸರು, ಆಳಿನ ಹೆಸರಲ್ಲ. ಕನ್ನಡಿಚೂರುಗಳನ್ನು ಹೊಲಿದ ಲಂಗವನ್ನೂ ದಂತದ ಬಳೆಗಳನ್ನೂ ತೊಟ್ಟು ನಿಂತ ಲಂಬಾಣಿ ಹೆಣ್ಣುಮಗಳು ‘ಲಂಬಾಣಿ ಹೆಂಗಸು’ ಮಾತ್ರ. ಆಕೆಗೊಂದು ಹೆಸರಿದ್ದಿತು, ತಾಂಡವಿದ್ದಿತು, ಆಕೆಯ ಮೊಮ್ಮಕ್ಕಳು ಇಂದು ಎಲ್ಲಿಯೋ ಇರುವರು. ಸಂತ ಸೇವಾಲಾಲರ ಜನ್ಮಸ್ಥಳವೆಂದು ನಾಡಿನಾಡಿನಿಂದ ಬಂಜಾರರು ಬರುವ ಸೂರಗೊಂಡನಕೊಪ್ಪವು ನಮ್ಮ ನ್ಯಾಮತಿ ತಾಲ್ಲೂಕಿನಲ್ಲಿರುವುದು. ಅಲ್ಲಿಗೆ ಬರುವ ಯಾತ್ರಿಕರ ಎದುರಿಗೆ ಅಂತಹ ಪಟವನ್ನು ಹಿಡಿದು ‘ಇದು ನಿಮ್ಮ ಚರಿತ್ರೆ’ ಎಂದು ಹೇಳುವ ಧೈರ್ಯವು ನಮ್ಮಲ್ಲಿ ಯಾರಿಗಾದರೂ ಉಂಟೆ?

ಇದಕ್ಕಿಂತಲೂ ಘೋರವಾದ ಒಂದು ನಿದರ್ಶನವುಂಟು. 1876ರಿಂದ 1878ರವರೆಗೆ ದಕ್ಷಿಣ ದೇಶವನ್ನು ಸುಟ್ಟ ಮಹಾಕ್ಷಾಮವನ್ನು ನಮ್ಮ ಬಯಲುಸೀಮೆಯು ಮರೆಯಲಾರದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು 50,55,412, 1881ರಲ್ಲಿ 41,86,188. ಹತ್ತು ವರುಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕೂ ಮಿಕ್ಕ ಜನರನ್ನು ಕಳೆದುಕೊಂಡಿತು. ಆ ಕಾಲದಲ್ಲಿ ಮದರಾಸು ಸೀಮೆಯಲ್ಲಿ ಹೂಪರ್ ಎಂಬ ಸೈನ್ಯಾಧಿಕಾರಿಯು ಹಸಿದವರ ಚಿತ್ರಗಳನ್ನು ತೆಗೆದನು. ಎಲುಬಿನ ಗೂಡುಗಳಾದ ತಂದೆ, ತಾಯಿ, ಮಕ್ಕಳನ್ನು ಸಾಲಾಗಿ ಕುಳ್ಳಿರಿಸಿ, ಹಬ್ಬದ ದಿನ ಮನೆಯವರ ಚಿತ್ರವನ್ನು ತೆಗೆಯುವಂತೆ ತೆಗೆದ ಪಟಗಳವು. ಲೋಕವೆಲ್ಲವೂ ಆ ಪಟಗಳನ್ನು ನೋಡಿರುವುದು. ಅವರಲ್ಲಿ ಒಬ್ಬರ ಹೆಸರೂ ಲೋಕಕ್ಕೆ ತಿಳಿಯದು. ಇಂದಿಗೂ ಕ್ಷಾಮದ ವಿಷಯವಾಗಿ ಬರೆಯುವವರು ಅದೇ ಪಟಗಳನ್ನು ಎಲ್ಲಿಯವೆಂದು ಹೇಳದೆ ಅಚ್ಚುಹಾಕುವರು. ಮದರಾಸಿನ ಹೆಣವನ್ನು ಜಗಳೂರಿನ ಹೆಣವೆಂದು ತೋರಿಸಿದರೆ, ಸತ್ತ ಇಬ್ಬರಿಗೂ ದ್ರೋಹಮಾಡಿದಂತೆ.

ಹೀಗಿರುವಲ್ಲಿ ಮೊದಲಿನ ಕ್ಯಾಮೆರಗಳವರನ್ನು ಬೈದು ಸುಮ್ಮನಾಗುವುದು ಸುಲಭ. ಅದು ನನ್ನ ಅಭಿಪ್ರಾಯವಲ್ಲ. ಡಿಕ್ಸನ್ನನು ಶಾಸನವನ್ನು ಚಿತ್ರಿಸದಿದ್ದರೆ ಎಷ್ಟೋ ವಿಷಯವು ವಿದ್ವಾಂಸರ ಕೈಸೇರುವುದಕ್ಕೆ ಇನ್ನಷ್ಟು ಕಾಲ ಹಿಡಿಯುತ್ತಿದ್ದಿತು. ಕಲ್ಲು ಸವೆದರೂ ಪಟದಲ್ಲಿ ಅಕ್ಷರವು ನಿಲ್ಲುವುದು. ಪಿಗೂವಿನ ಪಟದಿಂದ ಹರಿಹರದ ಗುಡಿಯ ಅಂದಿನ ಸ್ಥಿತಿಯು ತಿಳಿಯಬರುವುದು. ಅವರು ತಮ್ಮ ಕೆಲಸವನ್ನು ತಾವು ಮಾಡಿದರು. ನಮ್ಮ ಕೆಲಸವನ್ನು ಅವರು ಮಾಡಲಿಲ್ಲವೆಂದು ದೂರುವುದು ನ್ಯಾಯವಲ್ಲ. ನನ್ನ ದೂರು ನಮ್ಮವರ ಮೇಲೆಯೇ ಇರುವುದು.

ಏಕೆಂದರೆ, ನಮ್ಮ ಹಳ್ಳಿಯ ಬಾಳಿನ ನಿಜವಾದ ಹಳೆಯ ಪಟಗಳು ನಮ್ಮ ಮನೆಗಳಲ್ಲಿಯೇ ಇರುವುವು. ಹಿತ್ತಲ ಗಿಡ ಮದ್ದಲ್ಲವೆಂಬಂತೆ ನಾವು ಅವುಗಳ ಕಡೆಗೆ ಕಣ್ಣೆತ್ತಿ ನೋಡಿಲ್ಲ. ಒಣ ಫಲಕಗಳು ಬಳಕೆಗೆ ಬಂದ ಮೇಲೆ ಚಿತ್ರ ತೆಗೆಯುವವನು ಡೇರೆಯನ್ನು ಹೊರಬೇಕಾಗಲಿಲ್ಲ. 1889ರಲ್ಲಿ ರೈಲು ಹರಿಹರವನ್ನು ಮುಟ್ಟಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದಿತು. ನಮ್ಮ ನಾಲ್ಕು ಪಟ್ಟಣಗಳನ್ನು ಅದು ಬಿಟ್ಟುಹೋದರೂ, ರೈಲಿನ ಊರುಗಳಲ್ಲಿ ಬೇರೂರಿದ ಚಿತ್ರಶಾಲೆಗಳಿಗೆ ನಮ್ಮವರು ಗಾಡಿ ಕಟ್ಟಿಕೊಂಡು ಹೋದರು; ಜಾತ್ರೆಗಳಿಗೆ ಪರದೆಯನ್ನೂ ಪೆಟ್ಟಿಗೆಯನ್ನೂ ಹೊತ್ತು ಬಂದ ಅಲೆಮಾರಿ ಚಿತ್ರಕಾರರ ಮುಂದೆ ನಿಂತರು. ಪರದೆಯ ಮೇಲೆ ಬರೆದ ಅರಮನೆಯ ಕಂಬ, ಪಕ್ಕದಲ್ಲಿ ಹೂಜಿಯಿಟ್ಟ ಮೇಜು, ಚಿತ್ರಶಾಲೆಯವನೇ ಎರವಲು ಕೊಟ್ಟ ಕೋಟು, ಅದರ ಕೆಳಗೆ ಮೊಣಕಾಲಿನವರೆಗೆ ಕಚ್ಚೆ, ಬರಿಗಾಲು. ಇಂತಹ ಒಂದು ಪಟವಾದರೂ ಇಲ್ಲದ ಹಳೆಯ ಮನೆಯು ನಮ್ಮ ಹೋಬಳಿಗಳಲ್ಲಿ ವಿರಳ.

ಇದನ್ನು ಕಂಡು ನಗುವ ಪಂಡಿತರುಂಟು. ‘ಕೋಟು ಅವನದಲ್ಲ, ಅರಮನೆ ಅವನದಲ್ಲ, ಇದೆಲ್ಲವೂ ಸುಳ್ಳು, ಇದರಲ್ಲಿ ಗ್ರಾಮಜೀವನವೆಲ್ಲಿ?’ ಎಂದು ಅವರ ಆಕ್ಷೇಪ. ಕೋಟು ಎರವಲೆಂಬುದು ನಿಜ. ಆದರೆ ಅದನ್ನು ತೊಡಬೇಕೆಂದು ಇಷ್ಟಪಟ್ಟವನು ಆತನೇ. ಜಾತಿವಿವರಣೆಯ ಪಟದಲ್ಲಿ ಮನುಷ್ಯನು ಬೇರೆಯವರು ನಿಲ್ಲಿಸಿದಂತೆ ನಿಂತನು. ಇಲ್ಲಿ ತಾನು ಹೇಗೆ ಕಾಣಬೇಕೆಂದು ಬಯಸಿದನೋ ಹಾಗೆ ನಿಂತನು. ಸುಗ್ಗಿಯ ಹಣದಲ್ಲಿ ಒಂದಿಷ್ಟನ್ನು ತೆಗೆದಿಟ್ಟು, ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಉಸಿರನ್ನು ಬಿಗಿಹಿಡಿದು, ತನ್ನ ಮಕ್ಕಳ ಮಕ್ಕಳು ನೋಡಲೆಂದು ಆತನು ನಿಂತ ಆ ಒಂದು ಗಳಿಗೆಯಲ್ಲಿ ಎಷ್ಟು ಆಸೆ, ಎಷ್ಟು ಅಳುಕು, ಎಷ್ಟು ಮರ್ಯಾದೆಯ ಕಲ್ಪನೆ ಅಡಗಿರುವುದು! ಇದು ಗ್ರಾಮಜೀವನವಲ್ಲದಿದ್ದರೆ ಇನ್ನಾವುದು?

ಮತ್ತೊಂದು ಬಗೆಯ ಪಟವನ್ನು ಹೇಳದೆ ಇರಕೂಡದು. ನಮ್ಮ ಕಡೆಯ ವೀರಶೈವರಲ್ಲಿ ಶಿವೈಕ್ಯರಾದವರನ್ನು ಕುಳ್ಳಿರಿಸಿ, ವಿಭೂತಿಯನ್ನು ಧರಿಸಿ, ಹೂವಿನಿಂದ ಅಲಂಕರಿಸುವುದು ಸಂಪ್ರದಾಯ. ಅನೇಕ ಮನೆಗಳಲ್ಲಿ ಆ ಹೊತ್ತಿಗೆ ಚಿತ್ರಕಾರನನ್ನು ಕರೆಯಿಸಿ, ಮನೆಯವರೆಲ್ಲರೂ ಸುತ್ತಲೂ ನಿಂತು ಪಟ ತೆಗೆಯಿಸಿರುವರು. ಎಷ್ಟೋ ಅಜ್ಜಿಯರ ಮುಖವು ಲೋಕದಲ್ಲಿ ಉಳಿದಿರುವುದು ಆ ಒಂದೇ ಪಟದಲ್ಲಿ. ಬದುಕಿರುವಾಗ ಆಕೆಯ ಮುಂದೆ ಕ್ಯಾಮೆರವು ಬರಲಿಲ್ಲ. ಸತ್ತ ದಿನ ಬಂದಿತು. ಮೊಮ್ಮಕ್ಕಳು ಅದನ್ನು ಗೋಡೆಯ ಮೇಲೆ ಇರಿಸಲು ಅಂಜಿ ಅಟ್ಟಕ್ಕೆ ಹಾಕಿದರು. ಅಟ್ಟದಲ್ಲಿ ಅದನ್ನು ಗೆದ್ದಲು ತಿಂದಿತು. ಆ ಪಟದ ಸುತ್ತ ನಿಂತವರ ಮುಖಗಳಲ್ಲಿ ಒಂದು ಮನೆಯ ಮೂರು ತಲೆಮಾರು ಇದ್ದುದನ್ನು ಯಾರೂ ಯೋಚಿಸಲಿಲ್ಲ.

ಇನ್ನು ಶಾಲೆಗಳ, ಸಹಕಾರ ಸಂಘಗಳ, ಪುರಸಭೆಗಳ ಗುಂಪಿನ ಪಟಗಳು. ಇಲ್ಲಿ ನಮ್ಮವರ ದೋಷವು ಎದ್ದು ಕಾಣುವುದು. ನಡುವೆ ಕುರ್ಚಿಗಳ ಮೇಲೆ ಅಧಿಕಾರಿಗಳು ಕುಳಿತಿರುವರು. ಅವರ ಹೆಸರುಗಳು ಪದವಿಗಳೊಡನೆ ಕೆಳಗೆ ಬರೆದಿರುವುವು. ಕೊನೆಯಲ್ಲಿ ಬಿಲ್ಲೆಯನ್ನು ಧರಿಸಿ ನಿಂತ ಜವಾನನಿಗೆ ಹೆಸರಿಲ್ಲ. ನೆಲದ ಮೇಲೆ ಕುಳಿತ ಮಕ್ಕಳಿಗೆ ಹೆಸರಿಲ್ಲ. ಮೆರವಣಿಗೆಯ ಪಟದಲ್ಲಿ ಡೊಳ್ಳು ಹೊಡೆಯುವವನಿಗೆ ಹೆಸರಿಲ್ಲ. ತಳವಾರನಿಗೂ ತೋಟಿಗೂ ಇಲ್ಲ. ಬಿಳಿಯ ದೊರೆಯು ಕಂಬದ ಪಕ್ಕದಲ್ಲಿ ನಿಲ್ಲಿಸಿದವನ ಹೆಸರನ್ನು ಬರೆಯಲಿಲ್ಲವೆಂದು ನಾವು ಕೋಪಿಸಿಕೊಳ್ಳುವೆವು. ಆತನಿಗೆ ನಮ್ಮ ಭಾಷೆಯು ಬರುತ್ತಿರಲಿಲ್ಲವೆಂಬ ನೆವವಾದರೂ ಇದ್ದೀತು. ದಿನವೂ ಬಾಗಿಲು ತೆಗೆದು ನೀರು ಕೊಟ್ಟವನ ಹೆಸರನ್ನು ಬರೆಯದ ನಮಗೆ ಯಾವ ನೆವವುಂಟು?

ಪಟದೊಡನೆ ಹೆಸರನ್ನು ಬರೆಯುವುದು ನಮಗೆ ಪರದೇಶದವರು ಕಲಿಸಬೇಕಾದ ವಿದ್ಯೆಯಲ್ಲ. ನಮ್ಮ ಊರುಗಳ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೋಡಬೇಕು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವ ನೋಟ, ಮೇಲೆ ಶಿವನ ಸನ್ನಿಧಿ. ಅಕ್ಷರವುಳ್ಳ ಕಲ್ಲುಗಳಲ್ಲಿ ಇಂಥ ಅರಸನ ಕಾಲದಲ್ಲಿ, ಇಂಥ ಊರಿನ ದನಗಳನ್ನು ಹಿಡಿದಾಗ, ಇಂಥವನ ಮಗ ಇಂಥವನು ಕಾದಿ ಸತ್ತನೆಂದು ಬರೆದಿರುವುದು. ಆತನು ಅರಸನಲ್ಲ, ಊರಿನ ದನಕ್ಕಾಗಿ ಸತ್ತ ಸಾಮಾನ್ಯ ಮನುಷ್ಯನು. ಆತನಿಗೂ ರೂಪವನ್ನೂ ಹೆಸರನ್ನೂ ಕಲ್ಲಿನಲ್ಲಿ ಕೊಟ್ಟ ನಾಡು ಇದು. ರೈಸ್ ಮಹಾಶಯರು 1902ರಲ್ಲಿ ಪ್ರಕಟಿಸಿದ ಶಾಸನಸಂಪುಟದಲ್ಲಿ ಹೊನ್ನಾಳಿ ಚನ್ನಗಿರಿಗಳ ಶಾಸನಗಳೂ, 1903ರ ಸಂಪುಟದಲ್ಲಿ ಜಗಳೂರಿನ ಶಾಸನಗಳೂ ಇರುವುವು. ಬಯಸುವವರು ತೆಗೆದು ನೋಡಬಹುದು. ನೂರಾರು ವರುಷಗಳ ಹಿಂದೆ ಉಳಿಯಿಂದ ಮಾಡಿದ ಕೆಲಸವನ್ನು ನಾವು ಸೀಸದಕಡ್ಡಿಯಿಂದ ಮಾಡಲಾರದೆ ಹೋದೆವು.

ಈಗ ಎದುರುಪಕ್ಷದ ಮಾತುಗಳಿಗೆ ಬರೋಣ. ‘ಮನೆಯ ಪಟಗಳು ಮನೆಯವರ ಸ್ವಂತ ವಿಷಯ, ಸಾಹಿತ್ಯ ಸಂಘಕ್ಕೂ ಅದಕ್ಕೂ ಏನು ಸಂಬಂಧ?’ ಎಂದು ಕೆಲವರು ಕೇಳುವರು. ಲಾವಣಿಯನ್ನೂ ಸೋಬಾನೆ ಪದವನ್ನೂ ಒಂದು ಕಾಲದಲ್ಲಿ ಹೀಗೆಯೇ ಮನೆಯ ವಿಷಯವೆಂದು ತಳ್ಳಿದ್ದರು. ಹಾಡಿದವರ ಬಾಯಿಂದ ಬರೆದುಕೊಂಡ ಮೇಲೆ ಅದು ಸಾಹಿತ್ಯವೆನಿಸಿತು. ಪಟಕ್ಕೂ ಒಂದು ಮಾತುಂಟು. ಅದು ಮನೆಯ ಹಿರಿಯರ ಬಾಯಲ್ಲಿರುವುದು. ‘ಈಕೆ ನಮ್ಮ ದೊಡ್ಡತ್ತೆ, ಬಾಣಂತಿಯಾಗಿದ್ದಾಗ ತೀರಿಕೊಂಡಳು; ಈ ಎತ್ತುಗಳನ್ನು ಆ ವರುಷದ ಬರದಲ್ಲಿ ಮಾರಿದೆವು’ ಎಂದು ಹೇಳುವ ಆ ಬಾಯಿ ಮುಚ್ಚಿದ ಮರುದಿನ ಪಟವು ಮೂಕವಾಗುವುದು. ಆ ಮಾತನ್ನು ಬರೆದುಕೊಳ್ಳುವುದು ಸಾಹಿತ್ಯ ಸಂಘದ ಕೆಲಸವಲ್ಲದಿದ್ದರೆ ಮತ್ತಾರ ಕೆಲಸ?

‘ಎಲ್ಲವೂ ಅಂತರ್ಜಾಲದಲ್ಲಿ ದೊರೆಯುವುದು, ಲಂಡನ್ನಿನ ಗ್ರಂಥಾಲಯವೂ ಬಾಸೆಲ್ ಮಿಷನ್ನಿನ ಭಂಡಾರವೂ ಹಳೆಯ ಪಟಗಳನ್ನು ಅಲ್ಲಿಯೇ ತೋರಿಸುತ್ತಿರುವಾಗ ನಮಗೇಕೆ ಈ ತೊಂದರೆ?’ ಎಂಬುದು ಎರಡನೆಯ ಮಾತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದವರು. ತಮ್ಮ ಠಾಣ್ಯಗಳ, ಶಾಲೆಗಳ, ನೆಯ್ಗೆಯ ಮನೆಗಳ ಪಟಗಳನ್ನು ಜತನವಾಗಿ ಕಾದಿಟ್ಟು ಲೋಕಕ್ಕೆ ತೆರೆದಿಟ್ಟಿರುವುದು ಸ್ತುತ್ಯವಾದುದು. ಅದು ಅವರು ನೆಲೆಸಿದ ಊರುಗಳ ಚರಿತ್ರೆ. ಪರರ ಭಂಡಾರವು ತುಂಬಿರುವುದೆಂದು ನಮ್ಮ ಕಣಜವನ್ನು ಇಲಿಗಳಿಗೆ ಬಿಡಬಹುದೆ? ಇದರ ಜೊತೆಗೆ ಇನ್ನೊಂದು ಹೊಸ ವಿಪರೀತವು ಬಂದಿರುವುದು. ಹಳೆಯ ಕಪ್ಪುಬಿಳುಪಿನ ಪಟಕ್ಕೆ ಗಣಕಯಂತ್ರದಿಂದ ಬಣ್ಣ ಬಳಿಸಿ, ಮಸುಕಾದ ಮುಖವನ್ನು ತಿದ್ದಿಸಿ, ‘ಜೀವ ಬಂದಿತು’ ಎಂದು ಹಿಗ್ಗುವರು. ಯಂತ್ರವು ಸೀರೆಯ ಬಣ್ಣವನ್ನು ಕಂಡುದಿಲ್ಲ, ಊಹಿಸುವುದು. ಮಸುಕಾದ ಕಣ್ಣನ್ನು ಕಂಡುದಿಲ್ಲ. ಬೇರೆ ಯಾರದೋ ಕಣ್ಣನ್ನು ನೋಡಿ ಬರೆಯುವುದು. ಮೂಲವನ್ನು ಹಾಗೆಯೇ ಇರಿಸಿಕೊಂಡು ವಿನೋದಕ್ಕಾಗಿ ಮಾಡಿದರೆ ಮಾಡಲಿ. ಮೂಲವನ್ನು ಎಸೆದು ಅದನ್ನೇ ಅಜ್ಜನೆಂದು ಗೋಡೆಗೆ ಹಾಕಿದರೆ, ಅಜ್ಜನು ಎರಡನೆಯ ಸಲ ಸತ್ತಂತೆ.

‘ಹಣವೆಲ್ಲಿ?’ ಎಂಬುದು ಮೂರನೆಯ ಮಾತು. ಸಭೆಗಳಲ್ಲಿ ಎಲ್ಲ ಕೆಲಸವನ್ನೂ ನಿಲ್ಲಿಸುವ ಮಂತ್ರ. ಈ ಕೆಲಸಕ್ಕೆ ಬೇಕಾದುದು ಒಂದು ದಪ್ಪ ಪುಸ್ತಕ, ಒಂದು ಮೆತ್ತನೆಯ ಸೀಸದಕಡ್ಡಿ, ಮತ್ತು ಈಗ ಹಳ್ಳಿಹಳ್ಳಿಯ ಹುಡುಗರ ಕಿಸೆಯಲ್ಲಿರುವ ದೂರವಾಣಿ. ಪಟವನ್ನು ಮನೆಯಿಂದ ಹೊರಗೆ ಒಯ್ಯಬೇಕಾಗಿಲ್ಲ. ಜಗಲಿಯ ನೆರಳಿನಲ್ಲಿ ಇಟ್ಟು, ಮುಂಭಾಗವನ್ನೂ ಹಿಂಭಾಗವನ್ನೂ ಪ್ರತಿ ತೆಗೆದು, ಮೂಲವನ್ನು ಆಗಲೇ ಹಿಂದಿರುಗಿಸಬಹುದು. ಹಿಂಭಾಗವನ್ನು ಮರೆಯಕೂಡದು, ಚಿತ್ರಶಾಲೆಯ ಮುದ್ರೆಯೂ ಊರೂ ಅಲ್ಲಿಯೇ ಇರುವುದುಂಟು.

ನಾಲ್ಕನೆಯದು ಗೌರವದಿಂದ ಕೇಳಬೇಕಾದ ಮಾತು. ‘ನಮ್ಮ ಮನೆಯ ಹೆಂಗಸರ ಪಟವನ್ನು ಹತ್ತು ಜನರು ನೋಡುವುದು ನಮಗೆ ಬೇಡ, ನಮ್ಮ ಹಿರಿಯರು ಮಾಡುತ್ತಿದ್ದ ಕಸುಬನ್ನು ತೋರಿಸಿ ನಮ್ಮನ್ನು ಹೀಯಾಳಿಸುವುದು ಬೇಡ’ ಎಂದು ಹೇಳುವವರುಂಟು. ಅವರ ಅಳುಕಿಗೆ ಹಿಂದಿನ ಜಾತಿಯ ಪಟಗಳೇ ಕಾರಣ. ಮನೆಯವರ ಒಪ್ಪಿಗೆಯಿಲ್ಲದೆ ಒಂದು ಪಟವನ್ನೂ ತೆಗೆದುಕೊಳ್ಳಕೂಡದು. ಒಪ್ಪಿದವರು ಮುಂದೆ ಬೇಡವೆಂದರೆ ಆ ಪ್ರತಿಯನ್ನು ಬಿಟ್ಟುಬಿಡಬೇಕು. ಕೇಳಿ ಬರೆದುಕೊಳ್ಳುವ ಹೆಸರಿಗೂ, ಕೇಳದೆ ಅಂಟಿಸುವ ಚೀಟಿಗೂ ಅಜಗಜಾಂತರ.

ಹಾಗಾದರೆ ಏನು ಮಾಡತಕ್ಕದ್ದು? ಪ್ರತಿಯೊಂದು ಪಟಕ್ಕೂ ಕೆಲವು ವಿಷಯಗಳನ್ನು ಬರೆದುಕೊಳ್ಳಬೇಕು: ಪಟದಲ್ಲಿರುವವರೆಲ್ಲರ ಹೆಸರು, ಎಡದಿಂದ ಬಲಕ್ಕೆ, ನಿಂತವರನ್ನೂ ಬಿಡದೆ, ಊರು, ವರುಷ, ತಿಳಿಯದಿದ್ದರೆ ಯಾವ ಮದುವೆಯ ಮುಂಚೆ, ಯಾವ ಬರದ ತರುವಾಯ ಎಂಬ ಗುರುತು, ತೆಗೆದವರು, ಹೇಳಿದವರು, ಹೇಳಿದ ದಿನ. ಪಟದ ಹಿಂದೆ ಶಾಯಿಯಿಂದ ಬರೆಯಕೂಡದು. ಅಂಚಿನಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ ಬರೆಯಬೇಕು. ಗಾಜಿಗೆ ಅಂಟಿಕೊಂಡ 
ಪಟವನ್ನು ಕೀಳಕೂಡದು, ಗಾಜಿನೊಡನೆಯೇ ಪ್ರತಿ ತೆಗೆಯಬೇಕು. ಒದ್ದೆಯ ಬಟ್ಟೆಯಿಂದ ಒರೆಸಕೂಡದು, ಪ್ಲಾಸ್ಟಿಕ್ಕಿನಲ್ಲಿ ಬೆಸೆಯಿಸಕೂಡದು. ಗಾಜಿನ ನೆಗೆಟಿವುಗಳು ದೊರೆತರೆ ಒಂದರ ಮೇಲೊಂದನ್ನು ಒಟ್ಟದೆ, ಬೇರೆಬೇರೆ ಕಾಗದದಲ್ಲಿ ಸುತ್ತಿ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಮುಚ್ಚಿಹೋಗುತ್ತಿರುವ ಹಳೆಯ ಚಿತ್ರಶಾಲೆಗಳವರನ್ನು ಮೊದಲು ಕಾಣಬೇಕು. ಬೆಳ್ಳಿಯ ಅಂಶಕ್ಕಾಗಿ ನೆಗೆಟಿವುಗಳನ್ನು ತೂಕಕ್ಕೆ ಮಾರುವುದೂ, ಗಾಜನ್ನು ತೊಳೆದು ಕಟ್ಟಿಗೆ ಬಳಸುವುದೂ ನಡೆದಿರುವುದು. ಮಾರಿದವರನ್ನು ಬೈಯಲು ನಮಗೆ ಅಧಿಕಾರವಿಲ್ಲ. ನಾವು ಯಾರೂ ಹೋಗಿ ಕೇಳಿರಲಿಲ್ಲ.

ಯಾವ ತಾಲ್ಲೂಕಿನಲ್ಲಿ ಯಾವುದನ್ನು ಅರಸಬೇಕೆಂಬುದನ್ನೂ ಸೂಚಿಸುವೆನು. ಚನ್ನಗಿರಿಯಲ್ಲಿ ಸಂತೆಬೆನ್ನೂರಿನ ಪುಷ್ಕರಣಿಯ ಪಟವು ಕ್ಯಾಲೆಂಡರುಗಳಲ್ಲಿ ಸಾಕಷ್ಟು ಬಂದಿರುವುದು. ನಡುವಣ ಮಂಟಪವೂ ಸುತ್ತಣ ಮೆಟ್ಟಿಲುಗಳೂ ಎಲ್ಲರಿಗೂ ಬಾಯಿಪಾಠ. ನಮಗೆ ಬೇಕಾದುದು ಆ ಮೆಟ್ಟಿಲುಗಳ ಮೇಲೆ ಕುಳಿತವರ ಪಟ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹರಿದ್ರಾನದಿಯನ್ನು ತಡೆದ ಸೂಳೆಕೆರೆಯನ್ನು ಇಂದು ಶಾಂತಿಸಾಗರವೆಂದು ಕರೆದು ಅದರ ಸೂರ್ಯಾಸ್ತವನ್ನು ಚಿತ್ರಿಸುವರು. ಸಿದ್ಧನ ತೂಬಿನ ಮತ್ತು ಬಸವನ ತೂಬಿನ ನೀರನ್ನು ಗದ್ದೆಗದ್ದೆಗೆ ಹಂಚಿದ ನೀರುಗಂಟಿಗಳ ಪಟವೊಂದಾದರೂ ಯಾವ ಮನೆಯಲ್ಲಾದರೂ ಉಂಟೆಂದು ಕೇಳಿದವರಿಲ್ಲ. ಹೊನ್ನಾಳಿಯಲ್ಲಿ ಹೊಳೆಯನ್ನು ದಾಟಿಸಿದ ಅಂಬಿಗರ ಮನೆಗಳನ್ನು ಕಾಣಬೇಕು. ಮಲೆನಾಡಿಗೂ ಬಯಲುಸೀಮೆಗೂ ನಡುವೆ ವ್ಯಾಪಾರದಿಂದ ಬೆಳೆದ ನ್ಯಾಮತಿಯಲ್ಲಿ ಮಂಡಿಗಳ ಹಳೆಯ ಲೆಕ್ಕದ ಪೆಟ್ಟಿಗೆಗಳನ್ನು ತೆರೆಯಿಸಬೇಕು, ತಾಂಡಗಳಿಗೆ ಹೋಗಬೇಕು. ಜಗಳೂರಿನಲ್ಲಿ ಕಪಿಲೆಯ ಬಾವಿಗಳ, ಕುರಿಯ ಹಟ್ಟಿಗಳ, ಬರಗಾಲದ ಕಾಮಗಾರಿಗಳ ಪಟಗಳನ್ನು ಕೇಳಬೇಕು.

ಈ ಕೆಲಸವನ್ನು ಬೇರೆ ಯಾರೂ ಮಾಡುವಂತಿಲ್ಲವೆಂಬುದನ್ನೂ ಮನಗಾಣಬೇಕು. ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಒಂದಾದುವು. ನ್ಯಾಮತಿಯು ಬೇರೆ ತಾಲ್ಲೂಕಾದುದು 2018ರಲ್ಲಿ. ಹಳೆಯ ಜಿಲ್ಲೆಗಳ ಚರಿತ್ರೆ ಬರೆಯುವವರಿಗೆ ನಾವು ಬಿಟ್ಟುಹೋದ ಅಂಚು. ಹೊಸ ಜಿಲ್ಲೆಯ ಚರಿತ್ರೆ ಬರೆಯುವವರಿಗೆ ನಾವು ತಡವಾಗಿ ಬಂದ ಅಂಚು. ಅಂಚಿನವರ ಪಟವನ್ನು ಅಂಚಿನವರೇ ಕಾಯಬೇಕು. ಮೈಸೂರಿನ ಟಿ. ಎಸ್. ಸತ್ಯನ್‌ರವರು, 1923ರಿಂದ 2009ರವರೆಗೆ ಬಾಳಿದ ಮಹನೀಯರು, ಸಾಮಾನ್ಯ ಜನರ ದಿನದಿನದ ಬಾಳೇ ಕ್ಯಾಮೆರಕ್ಕೆ ತಕ್ಕ ವಿಷಯವೆಂದು ತಮ್ಮ ಜೀವಮಾನದ ಕೆಲಸದಿಂದ ತೋರಿಸಿಕೊಟ್ಟರು. ಅಂತಹ ಕಣ್ಣು ಎಲ್ಲರಿಗೂ ದೊರೆಯದು. ತೆಗೆದಿರುವ ಪಟದ ಹಿಂದೆ ಹೆಸರು ಬರೆಯುವ ಕೈ ಎಲ್ಲರಿಗೂ ಉಂಟು.

ಆದುದರಿಂದ ನಮ್ಮ ಸಂಘದ ಮುಂದೆ ಎರಡು ಬೇಡಿಕೆಗಳನ್ನು ಇಡುವೆನು. ಇನ್ನು ಮುಂದೆ ಈ ಪತ್ರಿಕೆಯಲ್ಲಿಯಾಗಲಿ, ಸಂಘದ ಯಾವ ಪ್ರಕಟಣೆಯಲ್ಲಿಯಾಗಲಿ, ಊರೂ ಕಾಲವೂ ಎಲ್ಲಿಂದ ಬಂದಿತೆಂಬುದೂ ಬರೆಯದ ಹಳೆಯ ಪಟವನ್ನು ಅಚ್ಚುಹಾಕಕೂಡದು. ತಿಳಿಯದಿದ್ದರೆ ‘ತಿಳಿಯದು’ ಎಂದೇ ಬರೆಯತಕ್ಕದ್ದು. ಎರಡನೆಯದಾಗಿ, ಪ್ರತಿಯೊಬ್ಬ ಸದಸ್ಯನೂ ಮುಂದಿನ ವಾರ್ಷಿಕ ಸಭೆಗೆ ಬರುವಾಗ ತನ್ನ ಊರಿನ ಹತ್ತು ಪಟಗಳ ಪ್ರತಿಗಳನ್ನೂ ಅವುಗಳಲ್ಲಿರುವವರ ಹೆಸರುಗಳನ್ನೂ ತರತಕ್ಕದ್ದು. ಮುಖಗಳನ್ನು ಗುರುತಿಸಿ ಹೆಸರು ಹೇಳಬಲ್ಲವರು ಈಗ ಎಂಬತ್ತು ತೊಂಬತ್ತರ ಹಿರಿಯರು. ಅವರು ನಮ್ಮ ಠರಾವಿಗಾಗಿ ಕಾದಿರುವುದಿಲ್ಲ. ಇಂದು ಸಂಜೆಯೇ ಅವರ ಹತ್ತಿರ ಕುಳಿತು ಕೇಳತಕ್ಕದ್ದು.